ಅಡುಗೆಮನೆಯ ಪಾಟೀಸವಾಲು

"ಉಗ್ರಾಣದ ಬಾಗಿಲು ಹಾಕಿದ್ದು ಯಾರು?"

"ಸೂಪರ್‌ವೈಸರ್."

"ಆಗ ಟೈಮು ಎಷ್ಟು?"

ಮಗಳು ತಲೆ ತಗ್ಗಿಸಿದಳು. ಅಮ್ಮ ಕಟ್ಟೆಗೆ ಒರಗಿ, ಸೌಟನ್ನು ಲಾಯರು ಪೆನ್ನು ಹಿಡಿದ ಹಾಗೆ ಹಿಡಿದು, ಎವೆಯಿಕ್ಕದೆ ನಿಂತಿದ್ದಳು. ಕೇಸು ನಿಂತಿದ್ದೇ ಈ ಪ್ರಶ್ನೆಯ ಮೇಲೆ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವವರು ಗಡಿಯಾರ ನೋಡುವುದಿಲ್ಲ. ಚಹಾದ ಸೈರನ್ ಆಯಿತೆಂದರೆ ನಾಲ್ಕು, ಅಷ್ಟೇ. ಅವತ್ತು ಮಧ್ಯಾಹ್ನ ಕರೆಂಟು ಕೈಕೊಟ್ಟು ಸೈರನ್ ಅರ್ಧ ಗಂಟೆ ತಡವಾಗಿ, ನಾಲ್ಕೂವರೆಗೆ ಕೂಗಿತ್ತು. ದೂರಿನಲ್ಲಿ ನಾಲ್ಕು ಎಂದೇ ಬರೆಸಿಯಾಗಿತ್ತು. ನಾಲ್ಕಕ್ಕೆ ಸೂಪರ್‌ವೈಸರ್ ಮಾಲೀಕರ ಎದುರು ಕೂತಿದ್ದ ಎನ್ನಲು ಆರು ಜನ ಸಾಲುಗಟ್ಟಿದರು. ಬಾಗಿಲ ಹಿಂದೆ ನಡೆದದ್ದು ಕೋರ್ಟಿಗೆ ಕಾಣಲಿಲ್ಲ, ಅರ್ಧ ಗಂಟೆ ಮಾತ್ರ ಕಂಡಿತು. ಎಂಥ ಚುರುಕು ಕಣ್ಣು ನೋಡಿ!

"ಗಡಿಯಾರ ನೋಡಿರ್ಲಿಲ್ಲ. ಸೈರನ್ ಆಗಿತ್ತು. ಅವತ್ತು ಅದು ಲೇಟು."

"ಕಿರುಚಲಿಲ್ಲ ಯಾಕೆ?"

"ಕಿರುಚಿದೆ. ಮಷಿನ್ ಸದ್ದಲ್ಲಿ ಯಾರಿಗೂ ಕೇಳಿಸ್ಲಿಲ್ಲ."

"ತಲೆ ತಗ್ಗಿಸಬೇಡ. ಸುಳ್ಳು ಹೇಳ್ತಿದಾಳೆ ಅಂತಾರೆ."

ಮಗಳು ತಲೆ ಎತ್ತಿದಳು.

"ಅಷ್ಟೂ ಎತ್ತಬೇಡ. ಗಟ್ಟಿಗಿತ್ತಿ, ಇವಳಿಗೇನಾಗಿದೆ ಅಂತಾರೆ."

ಅಪ್ಪ ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ನಿಂತ. "ಸಾಕು ಬಿಡೇ, ಅವಳಿಗೆ ಹೊತ್ತಾಗುತ್ತೆ."

"ನಾಳೆ ಕೋರ್ಟು. ಅದಕ್ಕಿಂತ ಹೆಚ್ಚಿನದ್ದು ಏನಿದೆ ನಿಮಗೆ?"

ಅಪ್ಪ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿ ಹೊರಟ.

ಕೋರ್ಟಿಗೆಂದು ಅಮ್ಮ ಇಸ್ತ್ರಿ ಮಾಡಿಟ್ಟ ಕುರ್ತಾದ ಉದ್ದ ತೋಳನ್ನು ಮಗಳು ಇನ್ನೊಂದು ಸುತ್ತು ಮಡಚಿಕೊಂಡಳು. ಅವಳಿಗೆ ಕೋರ್ಟಿನ ಭಯವಿರಲಿಲ್ಲ, ಅಮ್ಮನ ಭಯವಿತ್ತು. ಒಂದೇ ಒಂದು ಮಾತು ತಪ್ಪಿದರೂ ಅಮ್ಮ ದಿನವಿಡೀ ತುತ್ತು ಮುಟ್ಟುವುದಿಲ್ಲ, ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾಳೆ. ಹೋದ ವಾರದ ಗಾಯ ಇನ್ನೂ ಮಾಗಿಲ್ಲ. ಹಾಗಾಗಿ ಉಳಿದ ಒಂಬತ್ತು ಪ್ರಶ್ನೆಗಳಿಗೂ ಅಕ್ಷರ ತಪ್ಪದೆ ಉತ್ತರ ಹೇಳಿದಳು.

ಅಮ್ಮ ಸೌಟು ಕೆಳಗಿಟ್ಟಳು. ಮುಖ ಅರಳಿತು. "ಹೀಗೇ ಹೇಳು ಮಗಳೇ. ನಾಳೆ ಗೆದ್ದೇ ಗೆಲ್ತೀಯ." ತಟ್ಟೆ ಎಳೆದುಕೊಂಡು ಗಬಗಬನೆ ತಿನ್ನತೊಡಗಿದಳು. ಮಗಳಿಗೆ ಹೋದ ಜೀವ ಬಂದಂತಾಯಿತು. ಇವತ್ತಿನ ದಿನ ದಾಟಿತು.

ಒಳಕೋಣೆಗೆ ಹೋಗಿ ಕುರ್ತಾ ಕಳಚಿಟ್ಟಳು. ಶಾಲೆಯ ಸಮವಸ್ತ್ರ ತೊಟ್ಟಳು. ಹತ್ತನೇ ತರಗತಿ, ಮೊದಲ ಪೀರಿಯಡ್ಡಿಗೇ ಪರೀಕ್ಷೆ.

ಸೂಪರ್‌ವೈಸರ್ ಖುಲಾಸೆಯಾಗಿ ಆರು ವರ್ಷವಾಗಿತ್ತು. ಅದೇ ವಾರ ಪ್ರಾಣ ಕಳೆದುಕೊಂಡ ಅಕ್ಕನ ಬದಲು, ಅಮ್ಮನ ಮುಂದೆ ದಿನವೂ ಸಾಕ್ಷಿ ಹೇಳುತ್ತಿದ್ದವಳು ಈ ತಂಗಿ.