ಅವ್ವನ ಕುಂಚಿಗೆ

ರಕ್ತದ ರಿಪೋರ್ಟ್ ಓದಿದ ಡಾಕ್ಟರ್ ಅತೀಯಾ ಕೂಸಿನ ತಲೆಯಿಂದ ಕುಂಚಿಗೆ ಬಿಚ್ಚಿ ಮೂಸಿದರು. ಡಾಂಬರು ಗುಳಿಗೆಯ ಘಾಟು. ಆರು ದಿನದ ಗಂಡು ಕೂಸು ಅರಿಶಿನದಂತೆ ಹಳದಿಯಾಗಿತ್ತು.

"ನಮ್ಮವ್ವ ಹೊಲಿದದ್ದು ರೀ. ಗುಳಿಗಿ ಹಾಕಿ ಮೂವತ್ತು ವರ್ಷ ಟ್ರಂಕಿನ್ಯಾಗ ಕಾದಿಟ್ಟೀನಿ," ಎಂದಳು ಅಜ್ಜಿ ಅನಸುಬಾಯಿ ಹೆಮ್ಮೆಯಿಂದ. ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳು ಲುಂಬಿನಿ, ಒಗೆದು ತೊಡಿಸು ಎಂದಿದ್ದಳು. ಒಗೆದರೆ ಹೊಲಿಗೆ ಬಿಚ್ಚುತ್ತದೆಂದು ಗದರಿಸಿದ್ದಳು ಅನಸುಬಾಯಿ.

"ರಕ್ತ ಕಾಯೋ ಒಂದು ಕಿಣ್ವ ಈ ಕೂಸಿಗೆ ಹುಟ್ಟಾನೇ ಕಮ್ಮಿ ಅದ. ಅಂಥವರಿಗೆ ಈ ಗುಳಿಗಿ ವಾಸನಿ ಸಾಕು, ರಕ್ತ ಒಡೀತದ. ಈಗಿಂದೀಗ ಕಲಬುರಗಿಗೆ ಒಯ್ಯಿರಿ," ಎಂದು ಚೀಟಿ ಬರೆಯುತ್ತಲೇ ಡಾಕ್ಟರ್ ಕೇಳಿದರು, "ಇದು ತಾಯಿ ಕಡಿಯಿಂದ ಬರ್ತದ. ನಿಮ್ಮ ಮನ್ಯಾಗ ಹಿಂದ ಯಾವ ಗಂಡು ಕೂಸರೆ ಹಿಂಗ ಹಳದಿ ಆಗಿತ್ತೇನ್ರಿ?"

ಲುಂಬಿನಿ ಅವ್ವನ ಮುಖ ನೋಡಿದಳು. ಲುಂಬಿನಿಯ ಅಣ್ಣ ಹುಟ್ಟಿದ ಎಂಟನೇ ದಿನಕ್ಕೆ ಹಳದಿಯಾಗಿ ತೀರಿಹೋಗಿದ್ದ. ಮನೆಯ ಇನ್ನೊಬ್ಬ ಸೊಸೆ, ನೆಗೆಣ್ಣಿಯ ಕಣ್ಣು ತಾಗಿತೆಂದು ಅನಸುಬಾಯಿ ಅಂದಿನಿಂದ ಅವಳೊಡನೆ ಮಾತು ಬಿಟ್ಟಿದ್ದಳು.

ಅನಸುಬಾಯಿ ಮೇಜಿನ ಮೇಲಿದ್ದ ಕುಂಚಿಗೆಯನ್ನು ಮುಟ್ಟಲು ಹೋಗಿ ಕೈ ಹಿಂದೆಳೆದುಕೊಂಡಳು.

"ಅವಗೂ ಇದನ್ನೇ ಹಾಕಿದ್ದೆ ರೀ," ಎಂದಳು. "ಟ್ರಂಕಿನ್ಯಾಗಿಂದ ತೆಗೆದು, ಹಿಂಗೇ, ಒಗೀಲಾರ್ದ."