ವಾಸಿಯಾದ ಕಿವಿ

ಪಾಸ್ಟರ್ ಬಾಳೇಶ ಎರಡೂ ಅಂಗೈಗಳಿಂದ ಉದ್ದವ್ವನ ಕಿವಿಗಳನ್ನು ಒತ್ತಿ ಹಿಡಿದು, "ತೆರೀ!" ಎಂದು ಮೂರು ಸಲ ಕೂಗಿದರು. ಅವರು ಕೈ ತೆಗೆಯುವ ಮೊದಲೇ ಘಟಪ್ರಭಾದ ಆ ತಗಡಿನ ಪ್ರಾರ್ಥನಾಲಯದಲ್ಲಿ ಸೇರಿದ್ದ ಅರವತ್ತು ಮಂದಿ ಚಪ್ಪಾಳೆ ತಟ್ಟಿದರು.

"ಯವ್ವಾ, ಕೇಳಿಸ್ತೈತೇನ್ರಿ?"

ತುಟಿ ಅಲುಗಿದ್ದಷ್ಟೇ ಉದ್ದವ್ವನಿಗೆ ಕಂಡಿತು. ದೊಡ್ಡವರು ಏನೋ ಒಳ್ಳೆಯದನ್ನೇ ಕೇಳುತ್ತಿರಬೇಕೆಂದು ತಲೆಯಾಡಿಸಿದಳು. ಅಷ್ಟು ಸಾಕಾಯಿತು. ಹನ್ನೆರಡು ವರ್ಷದ ಕಿವುಡು ಹನ್ನೆರಡು ಸೆಕೆಂಡಿನಲ್ಲಿ ಹೋಯಿತೆಂದು ಪಾಸ್ಟರು ಮೊಬೈಲಿನತ್ತ ತಿರುಗಿ ಸಾರಿದರು. ಸಂಜೆಯೊಳಗೆ ಆ ವಿಡಿಯೋ ಮೂಡಲಗಿ, ಹುಕ್ಕೇರಿ ದಾಟಿ ಹೋಗಿತ್ತು.

ಮೇಲವಂಕಿಯಲ್ಲಿ ಕೂಲಿ ಮಾಡುವ ಉದ್ದವ್ವ ಗಂಡ ತೀರಿದ ಮೇಲೆ ಈ ಸಭೆಗೆ ಬರತೊಡಗಿದ್ದಳು. ದೇವರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾನೆ ಎಂದು ಯಾರೋ ಹೇಳಿದ್ದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ತಾನೋ ಕಿವುಡಿ. ಅವನು ಎಷ್ಟು ಸಲ ಕರೆದು, ಉತ್ತರ ಬರಲಿಲ್ಲವೆಂದು ಹೊರಟುಹೋದನೋ! ಆ ದಿಗಿಲಿಗೆ ರವಿವಾರ ಎಲ್ಲರಿಗಿಂತ ಮೊದಲು ಬಂದು, ಸ್ಪೀಕರ್ ಪೆಟ್ಟಿಗೆಗೆ ಕಿವಿ ಹಚ್ಚಿ ಕೂರುತ್ತಿದ್ದಳು. ಆಗಲೂ ತಪ್ಪಿಹೋದದ್ದನ್ನು ಅಣ್ಣನ ಮಗಳು ಪೂನಮ್ ಕಿವಿಯಲ್ಲಿ ಒದರುತ್ತಿದ್ದಳು. ಪಾಸ್ಟರರ ಮುಕ್ಕಾಲು ಗಂಟೆಯ ಪ್ರಸಂಗ ಅವಳ ಬಾಯಲ್ಲಿ ಎರಡು ಮಾತಾಗುತ್ತಿತ್ತು. "ಕಳದ ಕುರಿ ಸಿಕ್ಕತಂತ ಅತ್ತಿ. ಹುಡುಕಿದಾಂವ ಬೈಲಿಲ್ಲಂತ, ಹೆಗಲ ಮ್ಯಾಲ ಹೊತ್ಕೊಂಡ ಬಂದನಂತ." ಉದ್ದವ್ವ ವಾರವಿಡೀ ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುತ್ತ ಅದನ್ನೇ ಮೆಲುಕು ಹಾಕುತ್ತಿದ್ದಳು.

ಕಿವಿ ವಾಸಿಯಾದ ಮರುವಾರವೇ ಆ ಜಾಗ ಹೋಯಿತು. ಪೆಟ್ಟಿಗೆಯ ಹತ್ತಿರ ಹೋದವಳನ್ನು ಪಾಸ್ಟರು ನಗುನಗುತ್ತ ಕೈಹಿಡಿದು ಕರೆದೊಯ್ದು, ಎಲ್ಲರಿಗೂ ಕಾಣುವಂತೆ ವೇದಿಕೆಯ ಮೇಲೆ, ಪೆಟ್ಟಿಗೆಯ ಹಿಂದುಗಡೆ, ಕುರ್ಚಿ ಹಾಕಿ ಕೂರಿಸಿದರು. ಪೂನಮ್ ಅಲ್ಲಿಗೂ ಹೋಗಿ ಅತ್ತೆಯ ಕಿವಿಯತ್ತ ಬಾಗಿದಳು.

"ಏನ್ ಮಾಡಾಕತ್ತಿ ತಂಗಿ? ಮಂದಿ ನೋಡಾಕತ್ತಾರ. ಹಿಂಗ ಕಿವ್ಯಾಗ ಒದರಿದ್ರ ದೇವರ ಕೆಲಸಕ್ಕ ಅವಮಾನ ಅಲ್ಲೇನು?"

"ಆಕಿಗೆ ಏನೂ ಕೇಳಸಂಗಿಲ್ರಿ ಪಾಸ್ಟರ್."

"ಆಕಿಗೆ ಕೇಳಸ್ತೈತಿ. ನಿನಗ ವಿಶ್ವಾಸ ಕಡಿಮಿ ಐತಿ."

ಅಂದಿನಿಂದ ಅವಳೊಂದಿಗೆ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಅದ್ಭುತದ ರುಚಿ ನೋಡಲೆಂದು ಎಲ್ಲರೂ ಪಿಸುಗುಟ್ಟುವವರೇ. ಉತ್ತರ ಬಾರದಿದ್ದಾಗ, "ವಾಸಿ ಆದ ಮ್ಯಾಲ ಉದ್ದವ್ವಗ ಸೊಕ್ಕು ಬಂದೈತಿ" ಎಂದರು. ಹುಕ್ಕೇರಿಯಿಂದ ಬಂದವರು ಅವಳ ಕಿವಿ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡು, ಸೆಲ್ಫಿ ತೆಗೆದುಕೊಂಡು ಹೋದರು. ಮೂರ್ತಿಪೂಜೆ ಬಿಡಿಸಿದವರ ವೇದಿಕೆಯ ಮೇಲೆ ಉದ್ದವ್ವ ಏಳು ರವಿವಾರ ಮೂರ್ತಿಯ ಹಾಗೆ ಕುಳಿತಳು. ಒಂದು ಮಾತೂ ಕಿವಿಗೆ ಬೀಳಲಿಲ್ಲ. ಎಂಟನೆಯ ವಾರ ಮನೆಯಲ್ಲಿ ಪೂನಮ್‌ಳ ಕೈ ಹಿಡಿದುಕೊಂಡು ಅತ್ತಳು.

"ನಾ ತಲಿ ಆಡಿಸಬಾರದಾಗಿತ್ತಬೇ. ಸುಳ್ಳು ಹೇಳಿದಂಗಾತು. ಅದಕ್ಕ ದೇವರು ಸಿಟ್ಟಾಗ್ಯಾನು."

"ದೇವರು ಸಿಟ್ಟಾಗಿಲ್ಲ. ಏಳ್ರಿ, ಗೋಕಾಕಕ್ಕ ಹೋಗೂಣು."

ಗೋಕಾಕದ ಡಾಕ್ಟರರು ಕಿವಿಯನ್ನು ಪರೀಕ್ಷಿಸಿ, ಒಂದು ಸಣ್ಣ ಮಶೀನನ್ನು ಕಿವಿಯ ಹಿಂದೆ ಕೂರಿಸಿದರು. ಪೂನಮ್ ಮೆಲ್ಲಗೆ "ಅತ್ತಿ" ಎಂದಳು. ಉದ್ದವ್ವ ಬೆಚ್ಚಿ ತಿರುಗಿದಳು.

"ನಿನ್ನ ದನಿ ಇಷ್ಟು ಮೆತ್ತಗ ಐತೇನು? ನಾ ನಿನ್ನ ಜಗಳಗಂಟಿ ಅಂದ್ಕೊಂಡಿದ್ನಲ್ಲಬೇ!"

ಆ ರವಿವಾರ ಉದ್ದವ್ವ ತಲೆತುಂಬ ಸೆರಗು ಹೊದ್ದು ಅದೇ ಕುರ್ಚಿಯಲ್ಲಿ ಕುಳಿತಳು. ಹಿಂದುಗಡೆ ಕೂತರೂ ಈಗ ಪ್ರತಿಯೊಂದು ಮಾತೂ ಸ್ಪಷ್ಟ. ಕಣ್ಣು ಮುಚ್ಚಿ, ಕೈ ಜೋಡಿಸಿ ಕಾದಳು. ಪಾಸ್ಟರು ಶುರು ಮಾಡಿದರು. ಅಂದು ತಮ್ಮ ಅಂಗೈ ಹೇಗೆ ಬಿಸಿಯಾಯಿತು, ವಿಡಿಯೋ ಎಷ್ಟು ಸಾವಿರ ಮಂದಿ ನೋಡಿದರು, ಎಲ್ಲೆಲ್ಲಿಂದ ತಮಗೆ ಕರೆ ಬಂತು, ಹಿಡಕಲ್ಲಿನಿಂದ ಬಂದವರೊಬ್ಬರು ತಮ್ಮ ಕೈ ಹಿಡಿದು ಹೇಗೆ ಅತ್ತರು. ಒಂದು ಗಂಟೆ ಹತ್ತು ನಿಮಿಷ. ಕೆಳಗೆ ಕುಳಿತ ಪೂನಮ್ ನೋಡುತ್ತಲೇ ಇದ್ದಳು. ಅತ್ತೆಯ ಜೋಡಿಸಿದ ಕೈಗಳು ನಿಧಾನವಾಗಿ ತೊಡೆಯ ಮೇಲಿಳಿದವು.

ಕೊನೆಗೆ ಪಾಸ್ಟರು ಮೊಬೈಲಿನತ್ತ ಒಮ್ಮೆ ನೋಡಿ, ಮೈಕು ದೂರ ಹಿಡಿದು, ಪಿಸುದನಿಯಲ್ಲಿ ಕೇಳಿದರು.

"ಯವ್ವಾ, ಎಲ್ಲಾ ಕೇಳಿಸ್ತೋ ಇಲ್ಲೋ?"

ಉದ್ದವ್ವ ಎದ್ದು ನಿಂತು ಸೆರಗು ಹಿಂದಕ್ಕೆ ಸರಿಸಿದಳು. ಕಿವಿಯ ಹಿಂದಿನ ಮಶೀನು ಅರವತ್ತು ಮಂದಿಗೂ ಕಂಡಿತು, ಮೊಬೈಲಿಗೂ ಕಂಡಿತು.

"ಕೇಳಿಸ್ತ್ರಿ ಪಾಸ್ಟರ್. ನಿಮ್ಮದೆಲ್ಲಾ ಕೇಳಿಸ್ತು," ಎಂದಳು ಉದ್ದವ್ವ. "ಇನ್ನ ದೇವರದಿಷ್ಟು ಹೇಳ್ರಿ."