ಒಂದೇ ಸ್ಟಾರಿನ ಗಿರಾಕಿ

ಮೊಬೈಲನ್ನು ಭೈರೇಶನ ಮೂಗಿನ ಹತ್ತಿರಕ್ಕೇ ಹಿಡಿದು ಸ್ಮೃತಿ ಕೇಳಿದಳು: “ಇದು ನಿಮ್ಮದೇ ಕೆಲಸ ತಾನೆ?”

ಟೈಲರ್ ಭೈರೇಶ್ ಹೊಲಿಗೆ ನಿಲ್ಲಿಸಿ ಓದಿದ. ‘ಸ್ಮೃತಿ ಸೀರೆ ಕುಚ್ಚು, ಬಸವೇಶ್ವರನಗರ. ಒಂದು ಸ್ಟಾರ್. ಕುಚ್ಚಿನ ಗಂಟು ಸಡಿಲ, ಬಣ್ಣವೂ ಅಷ್ಟಕ್ಕಷ್ಟೆ.’ ಕೆಳಗೆ ಹೆಸರು: ಒಬ್ಬ ಗ್ರಾಹಕಿ.

“ಅಯ್ಯೋ ಮೇಡಂ, ನಾನ್ಯಾಕೆ ಬರೀಲಿ?”

“ಈ ರಸ್ತೇಲಿ ಕುಚ್ಚು ಹಾಕೋರು ನಾವಿಬ್ರೇ. ಇನ್ಯಾರಿಗೆ ಹೊಟ್ಟೆ ಉರಿಯುತ್ತೆ ಹೇಳಿ?”

ಭೈರೇಶ್ ತನ್ನ ಮೊಬೈಲ್ ತೆಗೆದು ತೋರಿಸಿದ. “ನನ್ ಪೇಜ್ ನೋಡಿ. ಹೊಗಳಿದೋರೂ ಇಲ್ಲ, ಬೈದೋರೂ ಇಲ್ಲ. ಬೈಯೋಕಾದ್ರೂ ಗಿರಾಕಿ ಬರ್ಬೇಕಲ್ವಾ ಮೇಡಂ?”

ಸೋತಂತೆ ಕಾಣಬಾರದೆಂದು ಸ್ಮೃತಿ, “ನೋಡ್ಕೊಳ್ತೀನಿ” ಎಂದು ದುರುಗುಟ್ಟಿಕೊಂಡೇ ರಸ್ತೆ ದಾಟಿದಳು.

ಅವಳ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಹೊರಗೆ ಬೋರ್ಡ್ ಕೂಡ ಇಲ್ಲ. ಗಿರಾಕಿಗಳೆಲ್ಲ ಬರುವುದು ಮೊಬೈಲಿನ ದಾರಿಯಲ್ಲಿ. ಕುಚ್ಚು ಕಟ್ಟುವ ಬೆರಳುಗಳ ರೀಲ್ ಒಂದು ದಿನ. ‘ಈ ಹಸಿರು ಸೀರೆಗೆ ಯಾವ ಬಣ್ಣದ ಕುಚ್ಚು? ನಿಮ್ಮ ಮತ ಹಾಕಿ’ ಎನ್ನುವ ಚುನಾವಣೆ ಮರುದಿನ. ಕೆಂಗೇರಿಯಲ್ಲಿ ಕೂತ ಹೆಂಗಸು ತನ್ನದಲ್ಲದ ಸೀರೆಗೆ ಮತ ಹಾಕುತ್ತಿದ್ದಳು, ವಾರದೊಳಗೆ ತನ್ನ ಸೀರೆಯನ್ನೇ ಹೊತ್ತು ತರುತ್ತಿದ್ದಳು.

ಕಾಮೆಂಟುಗಳಿಗೆ ಉತ್ತರಿಸುವ ಖಾತೆ ಅತ್ತೆಯದು. ಅನಂತಲಕ್ಷ್ಮಿ ನಿವೃತ್ತ ಶಿಕ್ಷಕಿ. ಮಧ್ಯಾಹ್ನ ಕನ್ನಡಕ ಏರಿಸಿ ಕೂತರೆ ಒಬ್ಬರನ್ನೂ ಬಿಡುತ್ತಿರಲಿಲ್ಲ. ‘ಪ್ರೈಸ್ ಪ್ಲೀಸ್’ ಎಂದವರಿಗೆ ಬೆಲೆಯ ಜೊತೆ ಮನೆಯವರ ಕ್ಷೇಮವನ್ನೂ ವಿಚಾರಿಸುತ್ತಿದ್ದರು. ಆ ಒಂದು ಸ್ಟಾರಿನ ಗ್ರಾಹಕಿಗೂ ಅಷ್ಟೇ ಮರ್ಯಾದೆ: ‘ತಮಗಾದ ಬೇಸರಕ್ಕೆ ಕ್ಷಮೆ ಇರಲಿ. ಸೀರೆ ತಂದುಕೊಡಿ, ಹೊಸದಾಗಿ ಕಟ್ಟಿಕೊಡುತ್ತೇವೆ.’

ಗ್ರಾಹಕಿ ಸೀರೆ ತರಲಿಲ್ಲ. ಮತ್ತೆ ಮತ್ತೆ ಬೈಗುಳ ಮಾತ್ರ ತಂದಳು. ಯಾವುದಾದರೂ ರೀಲನ್ನು ಜನ ಮುಗಿಬಿದ್ದು ನೋಡಿದರೆ ಸಾಕು, ಹೊಗಳಿಕೆಗಳ ಮಧ್ಯೆ ಇವಳೊಬ್ಬಳು ಹಾಜರ್.

ಬೇರೆ ಕಾಲದಲ್ಲಾಗಿದ್ದರೆ ಸ್ಮೃತಿ ಹಾಳಾಗಿ ಹೋಗಲಿ ಎನ್ನುತ್ತಿದ್ದಳೇನೋ. ಆದರೆ ರಾಜಾಜಿನಗರದ ರೇಷ್ಮೆ ಸೀರೆ ಅಂಗಡಿಯ ಉದಯಕುಮಾರ್ ಶುಕ್ರವಾರ ಬರುವವರಿದ್ದರು. ‘ನಿಮ್ಮ ಪೇಜ್ ಪೂರ್ತಿ ನೋಡಿಯೇ ನಿರ್ಧಾರ’ ಎಂದಿದ್ದರು. ಅವರು ಒಪ್ಪಿದರೆ ಅಲ್ಲಿನ ಮದುವೆ ಸೀರೆಗಳೆಲ್ಲ ಇವಳ ಕೈಗೆ, ಆ ಆದಾಯದಲ್ಲಿ ಸ್ವಂತದ್ದೊಂದು ಮಳಿಗೆ. ಒಪ್ಪದಿದ್ದರೆ ಇದೇ ಕೋಣೆಯಲ್ಲಿ ಕುಚ್ಚು, ಇದೇ ಕೋಣೆಯಲ್ಲಿ ನೆಂಟರು, ಇದೇ ಕೋಣೆಯಲ್ಲಿ ಗಂಡನ ಕ್ರಿಕೆಟ್ಟು.

“ಭೈರೇಶ್ ಅಲ್ವಂತೆ ಅತ್ತೆ. ಆದ್ರೂ ನಂಗೆ ಅನುಮಾನ.”

“ಪಾಪ, ಅವನನ್ನ ಯಾಕೆ ಬೈದೆ? ಅವನಲ್ಲ ಕಣೇ. ಇಷ್ಟು ಹೊಗಳಿಕೆ ಮಧ್ಯೆ ಒಂದು ಇದ್ರೆ ಇರ್ಲಿ ಬಿಡು.”

ಸ್ಮೃತಿ ಬಿಡಲಿಲ್ಲ. ಇದು ಸುಳ್ಳು ವಿಮರ್ಶೆ ಎಂದು ಆ್ಯಪಿನವರಿಗೆ ದೂರು ಕೊಟ್ಟಳು. ಗುರುವಾರ ಆ ಗ್ರಾಹಕಿ ಬರೆದದ್ದೆಲ್ಲ ಮಾಯವಾಗಿ, ಪೇಜಿನ ನೆತ್ತಿಯ ಮೇಲೆ ಐದಕ್ಕೆ ಐದು ಸ್ಟಾರ್ ಹೊಳೆಯಿತು. ಕುಣಿಯುತ್ತಲೇ ಅಡುಗೆಮನೆಗೆ ಹೋಗಿ ಅತ್ತೆಗೆ ತೋರಿಸಿದಳು.

“ಪೂರ್ತಿ ಐದಾ?” ಅನಂತಲಕ್ಷ್ಮಿಯ ಕೈಯ ಸೌಟು ಅಲ್ಲೇ ನಿಂತಿತು. “ಒಂದೂ ಉಳಿದಿಲ್ವಾ?”

“ಒಂದೂ ಇಲ್ಲ!”

ಸಂಭ್ರಮ ಸಂಜೆಯವರೆಗೂ ಬಾಳಲಿಲ್ಲ. ‘ಒಂದು ಸ್ಟಾರ್. ಹೊಳಪು ಸಾಲದು, ಇನ್ನೂ ಕಲಿಯುವುದಿದೆ.’ ಅದರ ಕೆಳಗೆ ಆಗಲೇ ಅತ್ತೆಯ ವಿನಯದ ಕ್ಷಮಾಪಣೆಯೂ ಇತ್ತು. ಸ್ಮೃತಿಗೆ ಅಳುವೇ ಬಂತು. ಹೆಸರೂ ಮುಖವೂ ಗೊತ್ತಿಲ್ಲದ ಆ ಹೆಂಗಸಿಗೆ ಬಾಯಿಗೆ ಬಂದಂತೆ ಶಾಪ ಹಾಕಿದಳು. ಅತ್ತೆ ಮಾತ್ರ, “ಹಾಗೆಲ್ಲ ಅನ್ಬಾರ್ದು ಕಣೇ” ಎಂದು ಎದ್ದುಹೋದರು.

ಶುಕ್ರವಾರ ಉದಯಕುಮಾರ್ ಬಂದರು. ಕಾಫಿ ಕುಡಿಯುತ್ತ ಮೊಬೈಲಿನಲ್ಲಿ ವಿಮರ್ಶೆಗಳನ್ನು ಒಂದೊಂದಾಗಿ ಓದಿದರು. ಆ ಒಂದು ಸ್ಟಾರಿನ ಮೇಲೆ ಅವರ ಬೆರಳು ನಿಂತಿತು.

“ಇದೇ ನೋಡಿ ಮೇಡಂ ನಂಗೆ ಹಿಡಿಸಿದ್ದು” ಎಂದರು ಅವರು. “ಎಲ್ಲಾ ಐದೈದು ಸ್ಟಾರ್ ಇದ್ರೆ ನಾನು ನಂಬೋದೇ ಇಲ್ಲ. ಹೇಳಿ ಬರೆಸಿರ್ತಾರೆ. ಬೈದೋರನ್ನೂ ಉಳಿಸ್ಕೊಂಡು, ಅವ್ರಿಗೆ ಇಷ್ಟು ಮರ್ಯಾದೆಯಿಂದ ಉತ್ತರ ಕೊಟ್ಟಿದೀರಲ್ಲ, ನನ್ ಗಿರಾಕಿಗಳನ್ನ ಧೈರ್ಯವಾಗಿ ಕಳಿಸ್ಬಹುದು.”

ಮಾತು ಮುಗಿಯಿತು. ಮುಂದಿನ ವಾರದಿಂದಲೇ ಕೆಲಸ. ಅವರು ಹೋದ ಮೇಲೆ ಸ್ಮೃತಿ ರಸ್ತೆ ದಾಟಿ ಭೈರೇಶನಿಗೆ ಸಿಹಿ ಕೊಟ್ಟು ಕ್ಷಮೆ ಕೇಳಿದಳು, ಬಂದು ಪೇಜಿನಲ್ಲಿ ಸುದ್ದಿ ಹಾಕಿದಳು. ಅಭಿನಂದನೆಗಳು ಸುರಿದವು. ಗ್ರಾಹಕಿಯ ಸುಳಿವಿಲ್ಲ. ಅವಳ ಮೇಲೆ ಸ್ಮೃತಿಗೆ ಈಗ ಪ್ರೀತಿಯೇ ಹುಟ್ಟಿತ್ತು.

“ಸ್ಮೃತೀ, ನೆಟ್ ಸಿಗ್ತಾ ಇಲ್ಲ ಕಣೇ. ಇದನ್ನ ಸ್ವಲ್ಪ ಕಳಿಸಿಕೊಡು.” ಅತ್ತೆ ತಮ್ಮ ಮೊಬೈಲ್ ಚಾಚಿದರು.

ಪರದೆಯ ಮೇಲೆ ಹೊರಡಲು ಸಿದ್ಧವಾಗಿ ನಿಂತಿತ್ತು: ‘ಒಂದು ಸ್ಟಾರ್. ಹೇಳಿದ ದಿನಕ್ಕೆ ಸೀರೆ ಕೊಡಲಿಲ್ಲ.’ ಹೆಸರು: ಒಬ್ಬ ಗ್ರಾಹಕಿ.

ನಿನ್ನೆ ಹಾಕಿದ ಶಾಪಗಳೆಲ್ಲ ನೆನಪಾಗಿ ಸ್ಮೃತಿ ನಾಲಿಗೆ ಕಚ್ಚಿಕೊಂಡಳು. ಮರುಕ್ಷಣವೇ ಉದಯಕುಮಾರರ ಮಾತು ನೆನಪಾಯಿತು. ಮಾರ್ಕೆಟಿಂಗ್ ಕಲಿಯಲೆಂದು ತಾನು ಅಷ್ಟೆಲ್ಲ ವೀಡಿಯೊ ನೋಡಿದ್ದೇ ದಂಡ. ಗುರು ಮನೆಯಲ್ಲೇ ಇದ್ದರು! ಕಣ್ಣು ತುಂಬಿ ಕೇಳಿದಳು: “ಜನಕ್ಕೆ ನಮ್ಮೇಲೆ ನಂಬಿಕೆ ಬರ್ಲಿ ಅಂತ ಹೀಗೆ ಮಾಡಿದ್ರಾ ಅತ್ತೆ?”

“ಎಂಥಾ ನಂಬಿಕೆನೇ? ಊರೋರೆಲ್ಲ ಮುದ್ದು ಮಾಡೋ ಮಗುಗೆ ಕಣ್ಣು ಬೀಳ್ದೇ ಇರ್ಲಿ ಅಂತ ಕೆನ್ನೆಗೊಂದು ಕಪ್ಪು ಬೊಟ್ಟು ಇಡಲ್ವಾ, ಹಾಗೇ ನಿನ್ ಅಂಗಡಿಗೂ ಇಡ್ತಾ ಇದೀನಿ!”